ಲ್ಯಾನ್ಸರ್‌ಗಳು ನೈಟ್‌ಗಳ ವಂಶದವರಲ್ಲ

ಪ್ರಶ್ನೆ: ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಅದನ್ನು ನೋಡಿದಾಗಿನಿಂದ ತಲೆಯಲ್ಲಿ ಒಂದು ಅನುಮಾನ. ಈ ಲ್ಯಾನ್ಸರ್ ದಳಗಳು ಯುರೋಪಿನ ಸೇನೆಗಳಲ್ಲಿ ಹುಟ್ಟಿದ್ದು ಹೇಗೆ? ಕಬ್ಬಿಣದ ಕವಚ ತೊಟ್ಟು ಭರ್ಜಿ ಹಿಡಿದು ಬರುತ್ತಿದ್ದ ನೈಟ್‌ಗಳೇ ಕಾಲ ಕಳೆದಂತೆ ಲ್ಯಾನ್ಸರ್ ಆದರಾ? ಬಂದೂಕು, ಫಿರಂಗಿ ಬಂದ ಮೇಲೂ ಈಟಿ ಹಿಡಿದ ಸವಾರರು ಯಾಕೆ ಬೇಕಾಗಿದ್ದರು?

ಉತ್ತರ: ನೈಟ್‌ಗಳು ಲ್ಯಾನ್ಸರ್ ಆಗಲಿಲ್ಲ. ಹಾಗೆ ಅನ್ನಿಸುವುದು ಸಹಜ. ಇಬ್ಬರೂ ಕುದುರೆ ಮೇಲೆ, ಇಬ್ಬರ ಕೈಯಲ್ಲೂ ಈಟಿ. ಆದರೆ ಇಬ್ಬರ ನಡುವೆ ಸುಮಾರು ಇನ್ನೂರು ವರ್ಷದ ಅಂತರ ಇದೆ. ಆ ಕಾಲದ ಫ್ರಾನ್ಸ್, ಇಂಗ್ಲೆಂಡ್, ಹಾಲೆಂಡ್ ಸೇನೆಗಳಲ್ಲಿ ಈಟಿಯ ರಾವುತರನ್ನು ದೀಪ ಹಿಡಿದು ಹುಡುಕಬೇಕು. ಆಮೇಲೆ ಈಟಿ ಮರಳಿ ಬಂದದ್ದು ಪೂರ್ವದ ಕಡೆಯಿಂದ. ಹುಲ್ಲುಗಾವಲಿನ ಸವಾರ ಜನರಾದ ತಾತಾರರಿಂದ ಪೋಲೆಂಡಿಗೆ, ಪೋಲೆಂಡಿನಿಂದ ಉಳಿದವರಿಗೆ. ಅದು ಅಷ್ಟು ಬೇಗ ಎಲ್ಲ ಕಡೆ ಹಬ್ಬಿದ್ದಕ್ಕೆ ಈಟಿಯ ಮಹಿಮೆ ಒಂದೇ ಕಾರಣ ಅಲ್ಲ. ಪೋಲೆಂಡ್ ಅನ್ನುವ ದೇಶವನ್ನೇ ಅಕ್ಕಪಕ್ಕದವರು ಹರಿದು ಹಂಚಿಕೊಂಡರು. ದೇಶ ಕಳೆದುಕೊಂಡ ಸವಾರರು ಯಾವ ಸೇನೆ ಸೇರಿದರೋ ಆ ಸೇನೆಗೆ ಈಟಿಯೂ ಸೇರಿತು. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇಷ್ಟೇ.

ಮೊದಲು ನೈಟ್‌ನ ಭರ್ಜಿ ಯಾಕೆ ಹೋಯಿತು ನೋಡೋಣ. ಅದನ್ನು ಹಿಡಿದು ಬರುವುದು ದುಬಾರಿ ಬಾಬತ್ತು. ದೊಡ್ಡ ಕುದುರೆ ಬೇಕು, ಮೈತುಂಬ ಕವಚ ಬೇಕು, ಹಿಂದೆ ಮುಂದೆ ಎತ್ತರದ ಅಂಚಿರುವ ಜೀನು ಬೇಕು. ಎದೆಕವಚಕ್ಕೆ ಒಂದು ಕೊಕ್ಕೆ. ಭರ್ಜಿಯನ್ನು ಅದಕ್ಕೆ ಆನಿಸಿ, ಕಂಕುಳಲ್ಲಿ ಅವುಚಿಕೊಂಡು ನೆಟ್ಟಗೆ ನುಗ್ಗಬೇಕು. ಪೆಟ್ಟು ಬಿದ್ದರೆ ಭಯಂಕರ. ಆದರೆ ಎಷ್ಟೋ ಸಲ ಅದೇ ಮೊದಲು, ಅದೇ ಕೊನೆ. ಭರ್ಜಿ ಮುರಿದರೆ ಕತ್ತಿ ಹಿರಿಯಬೇಕು.

16ನೇ ಶತಮಾನದಲ್ಲಿ ಇದಕ್ಕೆ ಎರಡು ಕಡೆಯಿಂದ ಕುತ್ತು ಬಂತು. ಒಂದು ಕಡೆ ಪೈಕ್ ಎಂಬ ಉದ್ದನೆಯ ಈಟಿ ಹಿಡಿದು ಒತ್ತೊತ್ತಾಗಿ ನಿಲ್ಲುತ್ತಿದ್ದ ಕಾಲಾಳುಗಳು. ಇನ್ನೊಂದು ಕಡೆ ಪಿಸ್ತೂಲು. ಚಕ್ರ ತಿರುಗಿ ಕಿಡಿ ಹಾರಿಸುವ ಪಿಸ್ತೂಲು ಬಂದ ಮೇಲೆ ಕುದುರೆ ಮೇಲೆ ಕೂತು ಉರಿಯುವ ಬತ್ತಿ ಕಾಪಾಡಿಕೊಳ್ಳುವ ರಗಳೆ ತಪ್ಪಿತು. ಜರ್ಮನ್ ಸವಾರರು ಎರಡು ಮೂರು ಪಿಸ್ತೂಲು ಸಿಕ್ಕಿಸಿಕೊಂಡು ಬಂದರು. ಅವರಿಗೆ ಅಂಥ ದುಬಾರಿ ಕುದುರೆ ಬೇಡ, ಬಾಲ್ಯದಿಂದ ಅಭ್ಯಾಸ ಬೇಡ. ಲೆಕ್ಕ ಹಾಕುವ ರಾಜರಿಗೆ ಇದು ಹಿಡಿಸಿತು. 1597ರಲ್ಲಿ ನಸ್ಸೌ ಮನೆತನದ ಮಾರಿಸ್ ಡಚ್ ಸೇನೆಯಿಂದ ಭರ್ಜಿಯನ್ನು ತೆಗೆದೇ ಹಾಕಿದ. ಫ್ರಾನ್ಸಿನಲ್ಲಿ ನಾಲ್ಕನೇ ಹೆನ್ರಿಯ ಸವಾರರು ಆ ಹೊತ್ತಿಗಾಗಲೇ ಪಿಸ್ತೂಲು, ಕತ್ತಿಗೆ ಹೊಂದಿಕೊಂಡಿದ್ದರು. ಅಲ್ಲೊಂದು ಇಲ್ಲೊಂದು ಅಪವಾದ ಉಂಟು. 1644ರ ಮಾರ್ಸ್ಟನ್ ಮೂರ್ ಕಾಳಗದಲ್ಲಿ ಸ್ಕಾಟರ ಬಳಿ ಈಟಿಯ ಸವಾರರಿದ್ದರು. ಆದರೆ ಪಶ್ಚಿಮ ಯುರೋಪಿನ ಮಟ್ಟಿಗೆ ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಪೂರ್ವದಲ್ಲಿ ಮುಗಿಯಲಿಲ್ಲ. ಪೋಲೆಂಡಿನಲ್ಲಿ ಒಂದಲ್ಲ, ಎರಡು ಬಗೆಯ ಈಟಿಗಳಿದ್ದವು. ಇದನ್ನು ಕಲಸಿಕೊಳ್ಳುವುದರಿಂದಲೇ ಜಾಸ್ತಿ ಗೊಂದಲ ಆಗುವುದು.

ಮೊದಲನೆಯದು ರೆಕ್ಕೆಯ ಹುಸಾರರದ್ದು. ಚಿತ್ರಗಳಲ್ಲಿ ನೋಡಿರುತ್ತೀರಿ, ಬೆನ್ನ ಮೇಲೆ ಗರಿಗಳ ರೆಕ್ಕೆ ಕಟ್ಟಿಕೊಂಡ ಸವಾರರು. ಅವರ ಭರ್ಜಿ ಐದು ಮೀಟರ್ ಆಸುಪಾಸು. ಅಷ್ಟು ಉದ್ದದ್ದನ್ನು ಹೊತ್ತು ಓಡುವುದು ಹೇಗೆ? ಮರವನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಒಳಗೆ ಟೊಳ್ಳು ಕೊರೆದು, ಮತ್ತೆ ಅಂಟಿಸುತ್ತಿದ್ದರು. ಹಗುರವಾದರೂ ಬಾಗದಂತೆ ನಿಲ್ಲುತ್ತಿತ್ತು. ಕಾಲಾಳುಗಳ ಪೈಕ್‌ಗಿಂತ ಉದ್ದವೂ ಆಗುತ್ತಿತ್ತು. 1605ರಲ್ಲಿ ಕಿರ್ಖೋಲ್ಮ್ ಎಂಬಲ್ಲಿ ತಮ್ಮ ಮೂರು ಪಟ್ಟು ಇದ್ದ ಸ್ವೀಡನ್ ಸೇನೆಯನ್ನು ಇವರು ಒರೆಸಿ ಹಾಕಿದರು. 1683ರ ಸೆಪ್ಟೆಂಬರ್ 12ರಂದು ವಿಯೆನ್ನಾ ನಗರವನ್ನು ಆಟೋಮನ್ ಮುತ್ತಿಗೆಯಿಂದ ಬಿಡಿಸಲು ರಾಜ ಮೂರನೇ ಯಾನ್ ಸೊಬಿಯೆಸ್ಕಿಯ ಜೊತೆ ಗುಡ್ಡ ಇಳಿದು ಬಂದವರಲ್ಲೂ ಇವರಿದ್ದರು. ಆದರೆ ಇದೂ ದುಬಾರಿ, ಇದೂ ಒಂದು ಪೆಟ್ಟಿನ ಆಯುಧ. 18ನೇ ಶತಮಾನ ನಡೆದಂತೆ ಹುಸಾರರು ಮೆರವಣಿಗೆಗೆ, ಶವಯಾತ್ರೆಗೆ ಸೀಮಿತವಾದರು. 1770ರ ದಶಕದಲ್ಲಿ ದಳವನ್ನೇ ಮುಚ್ಚಿದರು.

ಎರಡನೆಯದು ತಾತಾರರದ್ದು. ಲ್ಯಾನ್ಸರ್‌ನ ಮೂಲ ಇಲ್ಲಿದೆ. 14ನೇ ಶತಮಾನದ ಕೊನೆಯಲ್ಲಿ ಲಿಥುವೇನಿಯಾದ ದೊರೆ ವಿತೌತಾಸ್ ಹುಲ್ಲುಗಾವಲಿನ ಕಡೆಯಿಂದ ಬಂದ ತಾತಾರರಿಗೆ ಜಮೀನು ಕೊಟ್ಟು ನೆಲೆ ಮಾಡಿಸಿದ. ಪ್ರತಿಯಾಗಿ ಅವರು ಕುದುರೆ ಸಮೇತ ಯುದ್ಧಕ್ಕೆ ಬರಬೇಕು. ಲಿಪ್ಕಾ ತಾತಾರರು ಅನ್ನುವುದು ಇವರನ್ನೇ. ಕಾಲಕ್ರಮೇಣ ಅವರ ಭಾಷೆ ಹೋಯಿತು, ಇಸ್ಲಾಂ ಉಳಿಯಿತು. 1679ರಲ್ಲಿ ಸೊಬಿಯೆಸ್ಕಿ ಸಂಬಳದ ಬಾಕಿಗೆ ಬದಲಾಗಿ ಇವರಿಗೆ ಹಳ್ಳಿಗಳನ್ನು ಬರೆದುಕೊಟ್ಟ. ಕ್ರುಶಿನ್ಯಾನಿ, ಬೊಹೊನಿಕಿ ಎಂಬ ಆ ಹಳ್ಳಿಗಳಲ್ಲಿ ಮರದ ಮಸೀದಿಗಳು ಇವತ್ತಿಗೂ ಇವೆ. ಯುರೋಪಿನ ರಾಜಮನೆತನಗಳ ಕಾವಲು ಪಡೆಗಳ ಥಳುಕಿನ ಹಿಂದೆ ಈ ಪುಟ್ಟ ಮರದ ಮಸೀದಿಗಳ ಜನ ಇದ್ದಾರೆ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಇವರ ಈಟಿ ಎರಡೂವರೆಯಿಂದ ಮೂರು ಮೀಟರ್. ತೆಳು ಕೋಲು, ಸಣ್ಣ ಮೊನೆ, ಕೆಳಗೊಂದು ಬಟ್ಟೆಯ ಪಟ್ಟಿ. ಕವಚ ಬೇಡ, ಕೊಕ್ಕೆ ಬೇಡ. ಮುಂದೆ ಚುಚ್ಚಬಹುದು, ಪಕ್ಕಕ್ಕೆ ಬೀಸಬಹುದು, ಬೆನ್ನಟ್ಟಿ ಬರುವವನಿಗೆ ಹಿಂದಕ್ಕೂ ತಿವಿಯಬಹುದು. ಚುಚ್ಚಿದ್ದನ್ನು ಕಿತ್ತು ಮತ್ತೆ ಬಳಸಬಹುದು. ನೈಟ್‌ನ ಭರ್ಜಿಗೂ ಇದಕ್ಕೂ ಇರುವ ವ್ಯತ್ಯಾಸ ಈ ಕೊನೆಯ ಮಾತಿನಲ್ಲಿದೆ. ಇಂಥ ಸವಾರರಿಗೆ ಉಲಾನ್ ಅನ್ನುತ್ತಿದ್ದರು. ಆ ಹೆಸರು ಕೂಡ ತಾತಾರರ ಮಾತಿನಿಂದಲೇ ಬಂದದ್ದು. ಪೋಲೆಂಡಿನವರೂ ಇದನ್ನು ಕಲಿತರು. ಹುಸಾರರ ದಳ ಮುಚ್ಚಿದ ಮೇಲೆ ಬಂದ ರಾಷ್ಟ್ರೀಯ ಅಶ್ವದಳದ ಕೈಯಲ್ಲಿ ಇದ್ದದ್ದು ಈ ಹಗುರ ಈಟಿ.

ಪಶ್ಚಿಮದವರು ಇದನ್ನು ನೋಡಿರಲಿಲ್ಲ ಅಂತಲ್ಲ. ಮಾರಿಸ್ ಡಿ ಸಾಕ್ಸ್ ಅಂತ ಒಬ್ಬ ಸೇನಾನಿ ಇದ್ದ. ಅಪ್ಪ ಸ್ಯಾಕ್ಸನಿಯ ದೊರೆ, ಪೋಲೆಂಡಿನ ರಾಜನೂ ಹೌದು. ಮಗ ಮದುವೆಯ ಹೊರಗೆ ಹುಟ್ಟಿದವನು, ಹಾಗಾಗಿ ಪಟ್ಟ ಇಲ್ಲ. ಫ್ರಾನ್ಸಿಗೆ ಹೋಗಿ ಮಾರ್ಷಲ್ ಆದ. ಪೂರ್ವದ ಸವಾರರನ್ನು ಚೆನ್ನಾಗಿ ಬಲ್ಲವನು. 1743ರಲ್ಲಿ ಫ್ರೆಂಚ್ ಸೇನೆಗೆ ಒಂದು ಉಲಾನ್ ರೆಜಿಮೆಂಟ್ ಕಟ್ಟಿದ. ಪೋಲರು, ತಾತಾರರು, ಇನ್ನೂ ಯಾರು ಯಾರೋ. ಅವನ ಸ್ವಂತ ತುಕಡಿಯಲ್ಲಿ ಆಫ್ರಿಕಾ ಮೂಲದ ಕಪ್ಪು ಸವಾರರು, ಅವರಿಗೆ ಬಿಳಿ ಕುದುರೆ. ರಾಜ ಅವನಿಗೆ ಕೊಟ್ಟಿದ್ದ ಶಾಂಬೋರ್ ಅರಮನೆಯಲ್ಲಿ ಇವರ ವಾಸ. ನೋಡೋಕೆ ಜನ ಮುಗಿಬೀಳುತ್ತಿದ್ದರಂತೆ. 1750ರಲ್ಲಿ ಅವನು ಸತ್ತ. ರೆಜಿಮೆಂಟ್ ಸುಮ್ನೆ ಒಂದು ಡ್ರಾಗೂನ್ ದಳ, ಅಂದರೆ ಬಂದೂಕು, ಕತ್ತಿಯ ಸವಾರರ ದಳ ಆಯಿತು, ಈಟಿ ಮಾಯ. ಜರ್ಮನ್ ರಾಜ್ಯ ಪ್ರಷ್ಯದ ದೊರೆ ಫ್ರೆಡರಿಕ್ ಕೂಡ 1740ರ ಹೊತ್ತಿಗೆ ಉಲಾನ್ ದಳ ಕಟ್ಟಿ ನೋಡಿದ. ಆಸ್ಟ್ರಿಯಾದ ಹುಸಾರರ ಎದುರು ಅವರ ಆಟ ನಡೆಯಲಿಲ್ಲ. (ಈ ಹುಸಾರರು ಪೋಲೆಂಡಿನ ರೆಕ್ಕೆಯವರಲ್ಲ, ಕತ್ತಿ ಹಿಡಿದ ಹಗುರ ಸವಾರರು.) ಈಟಿ ಕಿತ್ತುಕೊಂಡು ಅವರನ್ನೇ ಹುಸಾರರನ್ನಾಗಿ ಮಾಡಿದ. ಈಟಿ ಕೊಟ್ಟರೆ ಲ್ಯಾನ್ಸರ್ ಆಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಾಯಿತು. ಅದನ್ನು ಆಡಿಸಿ ಬೆಳೆದ ಜನ ಬೇಕು, ಅದೂ ಸಾವಿರಗಟ್ಟಲೆ.

ಆ ಜನ ಸಿಕ್ಕಿದ್ದು ಪೋಲೆಂಡ್ ಮುಳುಗಿದಾಗ. 1772, 1793, 1795, ಈ ಮೂರು ಕಂತಿನಲ್ಲಿ ಆಸ್ಟ್ರಿಯಾ, ಪ್ರಷ್ಯ, ರಷ್ಯಾ ಮೂರೂ ಸೇರಿ ಪೋಲೆಂಡನ್ನು ನುಂಗಿದವು. ಎರಡನೇ ಕಂತಿನಲ್ಲಿ ಆಸ್ಟ್ರಿಯಾ ಮಾತ್ರ ಇರಲಿಲ್ಲ. ಮೊದಲ ಕಂತಿನಲ್ಲಿ ಆಸ್ಟ್ರಿಯಾಕ್ಕೆ ಪೋಲೆಂಡಿನ ದಕ್ಷಿಣ ಭಾಗವಾದ ಗಲೀಸಿಯಾ ಸಿಕ್ಕಿತು. ಅಲ್ಲಿನ ಪೋಲಿಷ್ ಸವಾರರನ್ನು ಸೇರಿಸಿ 1784ರಲ್ಲಿ ಉಲಾನ್ ದಳ ಶುರುವಾಯಿತು. 1791ರಲ್ಲಿ ಪೂರ್ತಿ ರೆಜಿಮೆಂಟ್ ಆಯಿತು. ಪ್ರಷ್ಯ ತನ್ನ ಪಾಲಿನ ಸಣ್ಣ ಜಮೀನ್ದಾರ ಪೋಲರನ್ನು ಸೇರಿಸಿಕೊಂಡು 1800ರ ಹೊತ್ತಿಗೆ ಟೊವಾರ್ಚಿ ಎಂಬ ದಳ ಮಾಡಿತು. ಪೋಲೆಂಡಿನ ಹಳೇ ಪದ್ಧತಿಯನ್ನೇ ಇಟ್ಟುಕೊಂಡಿತು. ಮುಂದಿನ ಸಾಲಿನಲ್ಲಿ ಈಟಿ ಹಿಡಿದ ಕುಲೀನ, ಹಿಂದಿನ ಸಾಲಿನಲ್ಲಿ ಅವನ ಆಳು. ನೆಪೋಲಿಯನ್ನನ ಕೈಲಿ ಏಟು ತಿಂದ ಮೇಲೆ ಅದೇ ಜನ ಪ್ರಷ್ಯದ ಉಲಾನ್ ರೆಜಿಮೆಂಟ್‌ಗಳಾದರು.

ರಷ್ಯಾದ ಗಡಿನಾಡಿನ ಸವಾರ ಜನರಾದ ಕೊಸಾಕರು ಮೊದಲಿನಿಂದಲೂ ಈಟಿ ಹಿಡಿದವರೇ. ಆದರೆ ಅವರು ಕಟ್ಟುನಿಟ್ಟಿನ ಸೈನಿಕರಲ್ಲ. ಉದ್ದ ಸಪೂರ ಈಟಿ, ಅದಕ್ಕೆ ಬಾವುಟದ ಪಟ್ಟಿ ಇಲ್ಲ. ಹಿಮ್ಮಡಿಗೆ ಕುದುರೆ ತಿವಿಯುವ ಮುಳ್ಳೂ ಇಲ್ಲ, ಕೈಯಲ್ಲೊಂದು ಚಾಟಿ. ಸೇನೆಯ ಶಿಸ್ತಿಗೆ ಒಳಪಟ್ಟ ಉಲಾನ್ ರೆಜಿಮೆಂಟ್‌ಗಳು ಅಲ್ಲಿ 1803ರಿಂದ ಬಂದವು, ಪೋಲಿಷ್ ಮಾದರಿಯಲ್ಲೇ. ಈಟಿ ಕಲಿಯುವುದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ನದೆಜ್ದಾ ದುರೋವಾಳನ್ನು ಕೇಳಬೇಕು. ಗಂಡಸಿನ ವೇಷ ಹಾಕಿ ಮನೆ ಬಿಟ್ಟು ಓಡಿಬಂದು 1807ರಲ್ಲಿ ಉಲಾನ್ ದಳ ಸೇರಿದ ಹೆಣ್ಣುಮಗಳು ಈಕೆ. ಆಮೇಲೆ ತನ್ನ ನೆನಪುಗಳನ್ನು ಬರೆದಳು. ಕುದುರೆ ಸವಾರಿ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಈಟಿಯನ್ನು ತಲೆಯ ಮೇಲೆ ಗಿರಗಿರ ತಿರುಗಿಸುವ ಕಸರತ್ತು ಮಾಡಲು ಹೋಗಿ ತನ್ನ ತಲೆಗೇ ಎಷ್ಟೋ ಸಲ ಬಡಿದುಕೊಂಡೆ, ಇದರಿಂದ ಮೂರು ಕಾಸಿನ ಉಪಯೋಗ ಇಲ್ಲ ಅನ್ನುವ ಧಾಟಿಯಲ್ಲಿ ಗೊಣಗಿದ್ದಾಳೆ. ಕವಾಯತಿನ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಬರೆದ ಗಂಡಸರು ಕಡಿಮೆ.

ದೇಶ ಹಂಚಿದವರ ಕೈಕೆಳಗೆ ಇರಲು ಒಲ್ಲದ ಪೋಲರು ಫ್ರಾನ್ಸಿನ ಕಡೆ ನಡೆದರು. 1797ರಲ್ಲಿ ಇಟಲಿಯಲ್ಲಿ ಫ್ರಾನ್ಸಿನ ಪರ ಹೋರಾಡುವ ಪೋಲಿಷ್ ಪಡೆಗಳು, ಅಂದರೆ ಲೀಜನ್‌ಗಳು ಹುಟ್ಟಿದವು. ಅದರ ಬೆನ್ನಿಗೇ ಬಂದ ಒಂದು ಸವಾರ ದಳವೇ ಮುಂದೆ ವಿಸ್ತುಲಾ ಲ್ಯಾನ್ಸರ್ಸ್ ಆಯಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. 1808ರ ನವೆಂಬರ್ 30ರಂದು ಸ್ಪೇನಿನ ಸೊಮೊಸಿಯೆರಾ ಕಣಿವೆಯಲ್ಲಿ ನೆಪೋಲಿಯನ್ನನ ಕಾವಲು ಪಡೆಯ ಪೋಲಿಷ್ ಸವಾರರು ಸಾಲು ಸಾಲು ಫಿರಂಗಿಗಳ ಬಾಯಿಗೆ ನುಗ್ಗಿ ಗೆದ್ದರು. ಎಷ್ಟೋ ಚಿತ್ರಗಳಲ್ಲಿ ಅವರ ಕೈಯಲ್ಲಿ ಈಟಿ ಇರುತ್ತದೆ. ಅವತ್ತು ಅವರ ಹತ್ತಿರ ಇದ್ದದ್ದು ಕತ್ತಿ ಮಾತ್ರ. ಅವರಿಗೆ ಈಟಿ ಸಿಕ್ಕಿದ್ದು 1809ರ ವಾಗ್ರಾಮ್ ಯುದ್ಧದ ನಂತರ. ಅಲ್ಲಿ ಎದುರಿಗೆ ಬಂದ ಆಸ್ಟ್ರಿಯಾದ ಉಲಾನರ ಕೈಯಿಂದಲೇ ಈಟಿ ಕಸಿದು ಹೋರಾಡಿದರು ಅಂತ ಕಥೆ ಇದೆ. ಕಥೆಗೆ ಬಣ್ಣ ಬಳಿದಿರಬಹುದು. ಆದರೆ ಆಸ್ಟ್ರಿಯಾದ ಆ ಉಲಾನರಲ್ಲೂ ಗಲೀಸಿಯಾದ ಪೋಲರೇ ತುಂಬಿದ್ದರು. ಎರಡು ಚಕ್ರವರ್ತಿಗಳ ಜಗಳದಲ್ಲಿ ಒಂದೇ ಊರಿನವರು ಎದುರುಬದುರು ನಿಂತಿದ್ದರು.

ಈಟಿಯ ಹೆಸರು ಯುರೋಪಿನ ತುಂಬ ಗುಲ್ಲೆದ್ದದ್ದು 1811ರ ಮೇ 16ರಂದು, ಸ್ಪೇನಿನ ಆಲ್ಬುಯೆರಾದಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬ್ರಿಟಿಷ್ ಕರ್ನಲ್ ಕೋಲ್‌ಬೋರ್ನ್ ತನ್ನ ನಾಲ್ಕು ಬೆಟಾಲಿಯನ್‌ಗಳೊಂದಿಗೆ ಫ್ರೆಂಚ್ ಕಾಲಾಳುಗಳ ಪಕ್ಕೆಗೆ ನುಗ್ಗುತ್ತಿದ್ದ. ಸೈನಿಕರು ಉದ್ದ ಸಾಲಿನಲ್ಲಿದ್ದರು. ಜಾಸ್ತಿ ಬಂದೂಕು ಒಟ್ಟಿಗೆ ಹಾರಿಸಲು ಸಾಲು ಒಳ್ಳೆಯದು. ಸವಾರರ ಎದುರು ಅದೇ ಸಾವು. ಸವಾರರು ಬಂದರೆ ಚೌಕ ಕಟ್ಟಿ ನಾಲ್ಕೂ ಕಡೆ ಬಯೊನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸಿದ ಚೂರಿ ಚಾಚಬೇಕು. ಅಷ್ಟರಲ್ಲಿ ಆಲಿಕಲ್ಲು ಸಮೇತ ಜಡಿಮಳೆ ಹೊಡೆಯಿತು. ಮದ್ದು ನೆನೆಯಿತು. ಹತ್ತು ಮಾರು ಆಚೆ ಏನಿದೆ ಕಾಣದು. ಆ ಮಬ್ಬಿನಲ್ಲಿ ಹಿಂದಿನಿಂದ ಸವಾರರು ಬಂದರು. ನಮ್ಮ ಕಡೆಯ ಸ್ಪೇನಿನವರು ಅಂತ ಕೆಲವರು ಅಂದುಕೊಂಡರು. ಬಂದವರು ವಿಸ್ತುಲಾ ಲ್ಯಾನ್ಸರ್‌ಗಳು, ಜೊತೆಗೆ ಫ್ರೆಂಚ್ ಹುಸಾರರು.

ಕೆಲವೇ ನಿಮಿಷ. ಮೂರು ಬೆಟಾಲಿಯನ್‌ಗಳು ಇಲ್ಲವಾದವು. ಚೌಕ ಕಟ್ಟಲು ಸಮಯ ಸಿಕ್ಕ ನಾಲ್ಕನೆಯದು ಉಳಿಯಿತು. ಬಫ್ಸ್ ಎಂಬ ಹೆಸರಿನ ಬೆಟಾಲಿಯನ್‌ನ 755 ಜನರಲ್ಲಿ 643 ಜನ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಅದರ ಧ್ವಜ ಹಿಡಿದಿದ್ದ ಲೆಫ್ಟಿನೆಂಟ್ ಲೇಥಮ್ ಸುತ್ತ ಸವಾರರು ಮುತ್ತಿಕೊಂಡರು. ಮುಖದ ಒಂದು ಭಾಗ ಕತ್ತರಿಸಿ ಹೋಯಿತು, ಎಡಗೈ ಹೋಯಿತು. ಧ್ವಜದ ಬಟ್ಟೆಯನ್ನು ಕೋಲಿನಿಂದ ಹರಿದು ಅಂಗಿಯೊಳಗೆ ತುರುಕಿಕೊಂಡು ಬಿದ್ದ. ಮೇಲೆ ಕುದುರೆಗಳು ಓಡಾಡಿದವು, ಈಟಿಗಳು ಇರಿದವು. ಆದರೂ ಬದುಕಿದ, ಧ್ವಜವೂ ಉಳಿಯಿತು. ಇನ್ನೊಂದು ಕಡೆ ಒಬ್ಬ ಲ್ಯಾನ್ಸರ್ ಬ್ರಿಟಿಷ್ ದಂಡನಾಯಕ ಬೆರೆಸ್ಫರ್ಡ್‌ನ ಮೇಲೇ ಎರಗಿದ. ಬೆರೆಸ್ಫರ್ಡ್ ದೈತ್ಯ ಮೈಕಟ್ಟಿನವನು. ಈಟಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ಸವಾರನನ್ನು ಜೀನಿನಿಂದಲೇ ಎಳೆದು ಕೆಡವಿದ. ಬಿದ್ದ ಗಾಯಾಳುಗಳನ್ನೂ ಲ್ಯಾನ್ಸರ್‌ಗಳು ಕುದುರೆ ಮೇಲಿಂದಲೇ ಚುಚ್ಚಿದರು ಅಂತ ಬ್ರಿಟಿಷರು ಬಹಳ ಕಾಲ ಹಲ್ಲು ಕಡಿಯುತ್ತಿದ್ದರು. ಕತ್ತಿಗೆ ಇದು ಸುಲಭವಾಗಿ ಸಾಧ್ಯವಿಲ್ಲ. ನೆಲಕ್ಕೆ ಬಿದ್ದವನು ಕತ್ತಿಗೆ ಎಟುಕುವುದಿಲ್ಲ, ಈಟಿಗೆ ಎಟುಕುತ್ತಾನೆ.

ಇದಾಗಿ ತಿಂಗಳು ಕಳೆದ ಬೆನ್ನಿಗೇ, 1811ರ ಜೂನ್ 18ರಂದು, ನೆಪೋಲಿಯನ್ ಒಂಬತ್ತು ಲ್ಯಾನ್ಸರ್ ರೆಜಿಮೆಂಟ್‌ಗಳಿಗೆ ಆದೇಶ ಹೊರಡಿಸಿದ. ಆಲ್ಬುಯೆರಾ ನೋಡಿ ಮಾಡಿದ ಅಂತ ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವನ ಕಣ್ಣು ರಷ್ಯಾದ ಮೇಲಿತ್ತು, ಕೊಸಾಕರ ಈಟಿಗೆ ಈಟಿಯೇ ಬೇಕು ಅಂತ ಗೊತ್ತಿತ್ತು. ಒಂಬತ್ತರಲ್ಲಿ ಆರು ಹಳೇ ಡ್ರಾಗೂನ್ ದಳಗಳು, ಎರಡು ವಿಸ್ತುಲಾ ದಳಗಳು. ಡ್ರಾಗೂನರಿಗೆ ಈಟಿ ಹೊಸದು. ಕಲಿಸಲು ಪೋಲಿಷ್ ಸವಾರರೇ ಬರಬೇಕಾಯಿತು. ಹಾಲೆಂಡನ್ನು ಫ್ರಾನ್ಸ್‌ಗೆ ಸೇರಿಸಿಕೊಂಡಾಗ ಬಂದ ಡಚ್ ಸವಾರರೂ ಕೆಂಪು ಅಂಗಿಯ ಲ್ಯಾನ್ಸರ್ ಆದರು. ಸ್ಪೇನಿನಲ್ಲಿ ಮಾತ್ರ ಪೋಲೆಂಡಿನ ಹಂಗಿಲ್ಲದ ಒಂದು ಉದಾಹರಣೆ ಇದೆ. 1808ರ ಬೈಲೆನ್ ಯುದ್ಧಕ್ಕೆ ಆಂಡಲೂಸಿಯಾದ ದನಗಾಹಿಗಳು ಹೋರಿ ಅಟ್ಟುವ ಉದ್ದ ಕೋಲನ್ನೇ ಹಿಡಿದು ಬಂದಿದ್ದರು.

ಬಂದೂಕಿನ ಕಾಲದಲ್ಲಿ ಈಟಿ ಯಾಕೆ ಅಂತ ಕೇಳಿದ್ದೀರಿ. ಒಂದು ಉತ್ತರ ಮಳೆ. ಆಗಿನ ಬಂದೂಕಿಗೆ ಕಲ್ಲಿನ ಕಿಡಿ, ಒಣ ಮದ್ದು ಬೇಕು. 1813ರ ಆಗಸ್ಟ್ 26ರಂದು ಕಾಟ್ಸ್‌ಬಾಖ್ ನದಿಯ ಬಳಿ ಜೋರು ಮಳೆ. ಮಾರ್ಬೋ ಎಂಬ ಫ್ರೆಂಚ್ ಕರ್ನಲ್ ಅಲ್ಲಿದ್ದ. ಉಪ್ಪುಖಾರ ಹಚ್ಚಿ ಹೇಳುವ ಮನುಷ್ಯ, ಆದರೆ ಈ ಮಾತು ನಂಬುವ ಹಾಗಿದೆ. ಅವನ ಸವಾರರು ಪ್ರಷ್ಯದ ಚೌಕಕ್ಕೆ ನುಗ್ಗಿದರು. ಬಂದೂಕು ಹಾರಲಿಲ್ಲ. ಸವಾರರ ಕತ್ತಿ ಬಯೊನೆಟ್ ದಾಟಿ ಎಟುಕಲಿಲ್ಲ. ಎರಡೂ ಕಡೆಯವರು ಕೈಚಾಚುವ ದೂರದಲ್ಲಿ ನಿಂತು ಮುಖ ಮುಖ ನೋಡಿಕೊಳ್ಳುವ ಸ್ಥಿತಿ. ಆಮೇಲೆ ಲ್ಯಾನ್ಸರ್ ದಳ ಬಂತು. ಬಯೊನೆಟ್‌ಗಿಂತ ಉದ್ದದ ಈಟಿ ಚೌಕವನ್ನು ಒಡೆಯಿತು. ಮರುದಿನ ಡ್ರೆಸ್ಡೆನ್‌ನಲ್ಲೂ ಹೀಗೇ. ಭಾರಿ ಕುದುರೆಯ ಕವಚದ ದಳಕ್ಕೆ ಬಗ್ಗದ ಆಸ್ಟ್ರಿಯಾದ ಚೌಕ, ಮುಂದೆ ಒಂದಷ್ಟು ಲ್ಯಾನ್ಸರ್‌ಗಳನ್ನು ಬಿಟ್ಟಾಗ ಬಿರಿಯಿತು.

ಹಾಗಂತ ಈಟಿ ಸರ್ವರೋಗಕ್ಕೆ ಮದ್ದಲ್ಲ. ಮೊದಲ ತಿವಿತ ತಪ್ಪಿ ಕತ್ತಿಯವನು ಒಳಗೆ ನುಸುಳಿದರೆ ಲ್ಯಾನ್ಸರ್ ಕಥೆ ಮುಗೀತು. ಕೋಲು ಅಡ್ಡ ಬರುತ್ತದೆ, ತಿರುಗಿಸಲು ಜಾಗ ಇಲ್ಲ. ಅದಕ್ಕೇ ಹಲವು ದಳಗಳಲ್ಲಿ ಮುಂದಿನ ಸಾಲಿಗೆ ಮಾತ್ರ ಈಟಿ, ಹಿಂದಿನ ಸಾಲಿಗೆ ಕತ್ತಿ, ಗಿಡ್ಡ ಬಂದೂಕು. 1815ರ ಜೂನ್ 17ರಂದು ಜೆನಾಪ್ ಊರಿನ ಇಕ್ಕಟ್ಟು ಬೀದಿಯಲ್ಲಿ ಎರಡೂ ಬದಿ ಮನೆಗಳಿದ್ದಾಗ ಫ್ರೆಂಚ್ ಲ್ಯಾನ್ಸರ್‌ಗಳ ಸಾಲನ್ನು ಬ್ರಿಟಿಷ್ ಹುಸಾರರು ಭೇದಿಸಲಾಗಲಿಲ್ಲ. ದೊಡ್ಡ ಕುದುರೆಯ ಲೈಫ್ ಗಾರ್ಡ್ಸ್ ಬಂದು ಒತ್ತಿದಾಗ ಅದೇ ಸಾಲು ಚೆಲ್ಲಾಪಿಲ್ಲಿ. ಮರುದಿನ ವಾಟರ್ಲೂನಲ್ಲಿ ಬ್ರಿಟಿಷ್ ಭಾರಿ ಸವಾರರು ಗೆದ್ದ ಅಮಲಿನಲ್ಲಿ ತುಂಬಾ ಮುಂದೆ ಹೋದರು. ಕುದುರೆಗಳು ದಣಿದಿದ್ದವು, ನೆಲ ಕೆಸರು. ಪಕ್ಕದಿಂದ ಬಂದ ಲ್ಯಾನ್ಸರ್‌ಗಳು ಅವರನ್ನು ಬೇಟೆಯಾಡಿದರು. ಅವರ ಜನರಲ್ ಪೊನ್ಸನ್‌ಬಿ ಸತ್ತದ್ದು ಅಲ್ಲೇ.

ಇನ್ನೊಂದು ವಿಚಿತ್ರ. ಈಟಿ ಕಲಿಯಲು ಬಲು ಕಷ್ಟ, ಮಾಡಿಸಲು ಬಲು ಅಗ್ಗ. 1813ರಲ್ಲಿ ಪ್ರಷ್ಯ ಊರೂರಿನ ಜನರನ್ನು ಸೇನೆಗೆ ಕರೆದಾಗ ಕತ್ತಿ, ಪಿಸ್ತೂಲಿಗೆ ದುಡ್ಡಿರಲಿಲ್ಲ. ಕೋಲಿಗೆ ಕಬ್ಬಿಣದ ಮೊನೆ ಸಿಕ್ಕಿಸಿ ರೈತರ ಮಕ್ಕಳ ಕೈಗೆ ಕೊಟ್ಟರು. ಹೀಗಾಗಿ ಒಂದೇ ಕಾಲದಲ್ಲಿ ಚಕ್ರವರ್ತಿಯ ಕಾವಲು ಪಡೆಯ ಅತಿ ನುರಿತ ಸವಾರನೂ ಲ್ಯಾನ್ಸರ್, ನಿನ್ನೆ ನೇಗಿಲು ಬಿಟ್ಟು ಬಂದವನೂ ಲ್ಯಾನ್ಸರ್.

ಬ್ರಿಟನ್ 1816ರಲ್ಲಿ ನಾಲ್ಕು ರೆಜಿಮೆಂಟ್‌ಗಳನ್ನು ಲ್ಯಾನ್ಸರ್ ಮಾಡಿತು: 9, 12, 16 ಮತ್ತು 23. ಶುರುವಿನಲ್ಲಿ 16 ಅಡಿಯ ಈಟಿ ಕೊಟ್ಟರು. ಅದನ್ನು ಹೊತ್ತು ಓಡಿಸುವುದು ಆಗದ ಮಾತು ಅಂತ ಬೇಗ ಗೊತ್ತಾಗಿ 9 ಅಡಿಗೆ ಇಳಿಸಿದರು. ಉಡುಪು ಪೂರ್ತಿ ಪೋಲಿಷ್: ಮೇಲ್ಭಾಗ ಚೌಕಾಕಾರದ ಚಾಪ್ಕಾ ಟೋಪಿ, ಎದೆಯ ಮೇಲೆ ಬೇರೆ ಬಣ್ಣದ ಅಗಲ ಪಟ್ಟಿಯ ಅಂಗಿ. ಲಂಡನ್ನಿನ ದರ್ಜಿಗಳು ಹೊಲಿದ ಈ ವೇಷದ ಹೊತ್ತಿಗೆ ಪೋಲೆಂಡ್ ಸ್ವತಂತ್ರ ದೇಶವಾಗಿ ನಕ್ಷೆಯಲ್ಲೇ ಇರಲಿಲ್ಲ, ನೋಡಿ.

ಈಟಿ ಹಿಡಿದು ಬ್ರಿಟಿಷ್ ಲ್ಯಾನ್ಸರ್‌ಗಳು ಮೊದಲು ಕಾಳಗ ಕಂಡದ್ದು ಯುರೋಪಿನಲ್ಲಲ್ಲ, ನಮ್ಮ ಭರತಪುರದಲ್ಲಿ. 16ನೇ ಲ್ಯಾನ್ಸರ್ಸ್, 1825–26ರ ಮುತ್ತಿಗೆ. ಅದೇ ದಳ 1846ರ ಜನವರಿ 28ರಂದು ಪಂಜಾಬಿನ ಆಲಿವಾಲ್‌ನಲ್ಲಿ ಸಿಖ್ ಕಾಲಾಳುಗಳ ಚೌಕಗಳನ್ನು ಒಡೆಯಿತು. ಅವತ್ತು ಈಟಿಯ ಪಟ್ಟಿಗಳು ರಕ್ತ ಒಣಗಿ ಮಡಿಕೆ ಮಡಿಕೆಯಾಗಿ ಸೆಟೆದು ನಿಂತಿದ್ದವಂತೆ. ಅದರ ನೆನಪಿಗೆ ಆ ರೆಜಿಮೆಂಟ್ ಪಟ್ಟಿಗೆ ಗಂಜಿ ಹಾಕಿ ಮಡಿಕೆ ಹಿಡಿಸುವ ಪದ್ಧತಿ ಇಟ್ಟುಕೊಂಡಿತು. ಸೋತವರ ರಕ್ತವನ್ನು ಇಸ್ತ್ರಿ ಮಾಡಿ ಇಟ್ಟುಕೊಳ್ಳುವುದು ಎಂಥ ಸಂಪ್ರದಾಯವೋ ಅಂತ ನನಗೆ ಅನ್ನಿಸುತ್ತದೆ.

ಭಾರತದಲ್ಲಿ ಈಟಿಯ ರಾವುತರು ಹೊಸಬರೇನಲ್ಲ. ಮರಾಠರು ಈಟಿಯಲ್ಲಿ ಪಳಗಿದವರು. ಇಲ್ಲಿನ ಬಿದಿರಿನ ಈಟಿ ಎಷ್ಟು ಹಗುರ, ಎಷ್ಟು ಗಟ್ಟಿ ಅಂತ ನೋಡಿ 1868ರಲ್ಲಿ ಬ್ರಿಟಿಷ್ ಸೇನೆಯೇ ಗಟ್ಟಿಬಿದಿರಿಗೆ ಬದಲಾಯಿತು. ಮೈಸೂರು ಲ್ಯಾನ್ಸರ್ಸ್ ಈ ಎರಡು ಧಾರೆ ಸೇರಿದ ಜಾಗ. ಹೆಸರು, ಕವಾಯತು ಬ್ರಿಟಿಷರ ಮೂಲಕ ಬಂದದ್ದು. ಸವಾರರು ನಮ್ಮ ಸಂಸ್ಥಾನದ ಸವಾರ ಪರಂಪರೆಯವರು. 1918ರ ಸೆಪ್ಟೆಂಬರ್ 23ರಂದು ಅವರು ಜೋಧಪುರ ಲ್ಯಾನ್ಸರ್ಸ್ ಜೊತೆ ಹೈಫಾ ಪಟ್ಟಣವನ್ನು ಆಟೋಮನ್ನರಿಂದ ಬಿಡಿಸಿದರು. ಜೋಧಪುರದವರು ಕಿಶೋನ್ ಹೊಳೆಗೂ ಕಾರ್ಮೆಲ್ ಗುಡ್ಡಕ್ಕೂ ನಡುವಿನ ಕಿರಿದಾದ ಜಾಗದಲ್ಲಿ ನುಗ್ಗಿದರು. ಮೈಸೂರಿನ ಒಂದು ತುಕಡಿ ಗುಡ್ಡ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. 1,300ಕ್ಕೂ ಹೆಚ್ಚು ಸೆರೆಯಾಳುಗಳು, 17 ಫಿರಂಗಿಗಳು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್‌ಗಳವು.

ಯುರೋಪಿಗೆ ಮರಳೋಣ. ನಳಿಕೆಯ ಒಳಗೆ ಗೀರು ಹಾಕಿದ ರೈಫಲ್ ಬಂದು ನೂರಾರು ಮಾರು ದೂರಕ್ಕೆ ಗುರಿ ಹಿಡಿಯುವ ಹಾಗಾದ ಮೇಲೆ ಈಟಿ ಸಾಯಬೇಕಿತ್ತು. ಬದಲಿಗೆ ಹೆಚ್ಚಿತು. ಅದಕ್ಕೆ 1870ರ ಫ್ರಾನ್ಸ್–ಪ್ರಷ್ಯ ಯುದ್ಧ ಕಾರಣ. ಆಗಸ್ಟ್ 16ರಂದು ಮಾರ್ಸ್-ಲಾ-ಟೂರ್‌ನಲ್ಲಿ ಜನರಲ್ ಬ್ರೆಡೋ ಒಂದು ಕವಚದ ದಳ, ಒಂದು ಉಲಾನ್ ದಳ ಸೇರಿಸಿ ಸುಮಾರು 800 ಜನರೊಂದಿಗೆ ಫ್ರೆಂಚ್ ಫಿರಂಗಿಗಳ ಮೇಲೆ ನುಗ್ಗಿದ. ಹತ್ತಿರ ಹತ್ತಿರ ಅರ್ಧ ಜನ ಮರಳಲಿಲ್ಲ. ಆದರೆ ಆ ದಾಳಿ ಕೆಲಸ ಮಾಡಿತು. ಅರ್ಧ ಜನ ಹೋದರು ಅನ್ನುವುದನ್ನು ಬಿಟ್ಟು, ಕೆಲಸ ಮಾಡಿತು ಅನ್ನುವುದನ್ನು ಮಾತ್ರ ಸೇನಾಧಿಕಾರಿಗಳು ನೆನಪಿಟ್ಟುಕೊಂಡರು. ಅದೇ ಕಾಳಗದಲ್ಲಿ ಫ್ರೆಂಚ್ ಕಾವಲು ಪಡೆಯ ಲ್ಯಾನ್ಸರ್‌ಗಳ ತಿಳಿನೀಲಿ ಅಂಗಿ ನೋಡಿ ಶತ್ರುಗಳೆಂದು ತಿಳಿದು ಸ್ವಂತ ಡ್ರಾಗೂನರೇ ಅವರ ಮೇಲೆ ಬಿದ್ದರು. ಯುದ್ಧ ಮುಗಿದ ಮೇಲೆ ಫ್ರಾನ್ಸ್ ಲ್ಯಾನ್ಸರ್ ದಳಗಳನ್ನೇ ಮುಚ್ಚಿತು. ಜರ್ಮನಿ ಉಲ್ಟಾ ಹೋಯಿತು. 1889–90ರಲ್ಲಿ ತನ್ನ 93 ಸವಾರ ರೆಜಿಮೆಂಟ್‌ಗಳಿಗೂ ಈಟಿ ಕೊಟ್ಟಿತು. ಮರ ಹೋಗಿ 3.2 ಮೀಟರಿನ ಉಕ್ಕಿನ ಕೊಳವೆ ಬಂತು. ಅದನ್ನು ನೋಡಿ ಫ್ರಾನ್ಸ್ ಡ್ರಾಗೂನರಿಗೆ ಮತ್ತೆ ಈಟಿ ಹಂಚಿತು. ಅವನ ಹತ್ತಿರ ಇದ್ದರೆ ನಮಗೂ ಬೇಕು ಅನ್ನುವ ಪೈಪೋಟಿ, ಅಷ್ಟೇ ಅಲ್ವಾ?

1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್ಡುರ್ಮಾನ್‌ನಲ್ಲಿ 21ನೇ ಲ್ಯಾನ್ಸರ್ಸ್ ನುಗ್ಗಿದಾಗ ಅವರ ಜೊತೆ ಯುವಕ ಚರ್ಚಿಲ್ ಇದ್ದ. ಅವನ ಸ್ವಂತ ದಳ 4ನೇ ಹುಸಾರ್ಸ್ ಆಗ ಬೆಂಗಳೂರು ದಂಡಿನಲ್ಲಿತ್ತು. ಬಾಂಬೆಯಲ್ಲಿ ಹಡಗಿನಿಂದ ಇಳಿಯುವಾಗ ಭುಜ ಕಳಚಿಕೊಂಡಿದ್ದರಿಂದ ಕತ್ತಿ ಬೀಸಲಾಗದೆ ಪಿಸ್ತೂಲು ಹಿಡಿದು ಹೋದ. ಸುಮಾರು 400 ಸವಾರರಲ್ಲಿ 70 ಜನ ಒಂದೆರಡು ನಿಮಿಷದಲ್ಲಿ ಸತ್ತರು ಇಲ್ಲವೇ ಗಾಯಗೊಂಡರು. ಪತ್ರಿಕೆಗಳಿಗೆ ಹಬ್ಬ. ಅವತ್ತಿನ ಯುದ್ಧ ನಿರ್ಧಾರವಾದದ್ದು ಮಾತ್ರ ಮೆಷಿನ್‌ಗನ್ ಮತ್ತು ಫಿರಂಗಿಗಳಿಂದ.

ಬ್ರಿಟನ್ 1903ರಲ್ಲಿ ಈಟಿ ಬೇಡ ಎಂದಿತು, 1909ರಲ್ಲಿ ಮತ್ತೆ ಬೇಕು ಎಂದಿತು. 1914ರ ಸೆಪ್ಟೆಂಬರ್ 7ರಂದು ಫ್ರಾನ್ಸಿನ ಮೊನ್ಸೆಲ್ ಹಳ್ಳಿಯ ಬಳಿ 9ನೇ ಲ್ಯಾನ್ಸರ್ಸ್ ಮತ್ತು ಪ್ರಷ್ಯದ ಗಾರ್ಡ್ ಡ್ರಾಗೂನರು ಈಟಿಗೆ ಈಟಿ ಕೊಟ್ಟು ಡಿಕ್ಕಿ ಹೊಡೆದರು. ಅದಾದ ಮೇಲೆ ಕಂದಕ, ಮುಳ್ಳುತಂತಿ. ಬ್ರಿಟನ್ನೂ ಜರ್ಮನಿಯೂ 1927ರ ಸುಮಾರಿಗೆ ಈಟಿಯನ್ನು ಯುದ್ಧದ ಆಯುಧಗಳಿಂದ ಕೈಬಿಟ್ಟವು.

ಪೋಲೆಂಡ್ ವಿಷಯ ಬಂದಾಗ ಎಲ್ಲರೂ ಕೇಳುವ ಒಂದು ಮಾತಿದೆ: 1939ರಲ್ಲಿ ಪೋಲಿಷ್ ಲ್ಯಾನ್ಸರ್‌ಗಳು ಜರ್ಮನ್ ಟ್ಯಾಂಕುಗಳ ಮೇಲೆ ಈಟಿ ಹಿಡಿದು ನುಗ್ಗಿದರಂತೆ, ನಿಜವಾ? ಸುಳ್ಳು. ಸೆಪ್ಟೆಂಬರ್ 1ರ ಸಂಜೆ ಕ್ರೊಯಾಂಟಿ ಬಳಿ 18ನೇ ಉಲಾನ್ ರೆಜಿಮೆಂಟ್‌ನ ಒಂದು ಭಾಗ ನುಗ್ಗಿದ್ದು ಜರ್ಮನ್ ಕಾಲಾಳುಗಳ ಮೇಲೆ, ಕತ್ತಿ ಹಿಡಿದು. ಕಾಲಾಳುಗಳು ಚದುರಿದರು. ಅಷ್ಟರಲ್ಲಿ ಕಾಡಿನ ಅಂಚಿನಿಂದ ಶಸ್ತ್ರಸಜ್ಜಿತ ಗಾಡಿಗಳು ಬಂದು ಗುಂಡು ಸುರಿಸಿದವು. ಕರ್ನಲ್ ಮಸ್ತಲೇಶ್ ಸತ್ತ. ಮರುದಿನ ಜಾಗ ನೋಡಲು ಕರೆತಂದ ಇಟಲಿಯ ಪತ್ರಕರ್ತರಿಗೆ ಸತ್ತ ಕುದುರೆಗಳೂ ಪಕ್ಕದಲ್ಲಿ ನಿಂತ ಟ್ಯಾಂಕುಗಳೂ ಕಂಡವು. ಉಳಿದದ್ದನ್ನು ಅವರು ಊಹಿಸಿಕೊಂಡು ಬರೆದರು, ಜರ್ಮನ್ ಪ್ರಚಾರ ಖಾತೆ ಹಬ್ಬಿಸಿತು. ಪೋಲಿಷ್ ಸೇನೆ ಈಟಿಯನ್ನು ಮೆರವಣಿಗೆ, ತರಬೇತಿಗೆ ಸೀಮಿತ ಮಾಡಿ ಆಗಲೇ ಕೆಲವು ವರ್ಷ ಆಗಿತ್ತು. ಅದರ ಸವಾರ ಬ್ರಿಗೇಡ್‌ಗಳ ಬಳಿ 37 ಮಿಲಿಮೀಟರಿನ ಬೋಫೋರ್ಸ್ ಟ್ಯಾಂಕ್ ನಿರೋಧಕ ತೋಪುಗಳಿದ್ದವು. ಅದೇ ಸೆಪ್ಟೆಂಬರ್ 1ರಂದು ಮೊಕ್ರಾ ಹಳ್ಳಿಯ ಬಳಿ ವೊಲಿನಿಯಾ ಬ್ರಿಗೇಡ್‌ನ ಉಲಾನರು ಕುದುರೆಗಳನ್ನು ಹಿಂದೆ ಬಿಟ್ಟು, ಆ ತೋಪುಗಳೊಂದಿಗೆ ನೆಲ ಹಿಡಿದು ಕೂತು, ಜರ್ಮನಿಯ 4ನೇ ಪಾಂಜರ್ (ಟ್ಯಾಂಕ್) ಡಿವಿಷನ್ನನ್ನು ಇಡೀ ದಿನ ತಡೆದು ನಿಲ್ಲಿಸಿದರು.